ಅರಕೊಟ್ಟಾರದ ಅಂಗಡಿ ಬೀದಿಗಳು: ನಮ್ಮ ಹಳೆಯ ಪೇಟೆಯ ಇತಿಹಾಸ ಮತ್ತು ಬಾಳು



ಪ್ರತಿಷ್ಠಾ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಚಾಮರಾಜನಗರ-ಗುಂಡ್ಲುಪೇಟೆ ಸೀಮೆಯ ಇತಿಹಾಸವನ್ನು ಕುರಿತು ಒಂದು ಲೇಖನ ಬರೆಯಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನನಗೆ ಸಂಕೋಚವಾಯಿತು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಗಲ್ಲಾದ ಪಕ್ಕದಲ್ಲಿ ಕುಳಿತವನು. ನನಗೆ ರೂಢಿಯಿರುವುದು ಕಿರ್ದಿ ಖಾತೆಯ ಬರವಣಿಗೆಯೇ ಹೊರತು ಇತಿಹಾಸದ ಬರವಣಿಗೆಯಲ್ಲ. ಆದರೂ ನಮ್ಮ ಕನಕಗಿರಿಯ ದೇವಚಂದ್ರನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ, ಈ ನೆಲದಲ್ಲಿಯೇ ಕುಳಿತು, ತಾನು ಕೇಳಿದ್ದನ್ನೂ ಕಂಡದ್ದನ್ನೂ ಕೂಡಿಸಿ ‘ರಾಜಾವಳೀ ಕಥೆ’ಯನ್ನು ರಚಿಸಿದನೆಂಬುದು ನೆನಪಾಗಿ ಧೈರ್ಯ ಬಂದಿತು. ದೊಡ್ಡ ರಾಜ್ಯಗಳ ಇತಿಹಾಸವನ್ನು ವಿದ್ವಾಂಸರು ಬರೆಯುತ್ತಾರೆ. ಬೀದಿಯ ಇತಿಹಾಸವನ್ನು ಆ ಬೀದಿಯಲ್ಲಿ ಬಾಳಿದವನೇ ಬರೆಯಬೇಕು. ಆದುದರಿಂದ ಚಾಮರಾಜನಗರದ ಹಳೆಯ ಪೇಟೆಯನ್ನು, ಎಂದರೆ ರಥದ ಬೀದಿ, ದೊಡ್ಡ ಅಂಗಡಿ ಬೀದಿ, ಚಿಕ್ಕ ಅಂಗಡಿ ಬೀದಿ ಮತ್ತು ಅವುಗಳ ಆಸುಪಾಸಿನ ಕೇರಿಗಳನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ. ಬಸದಿಗೂ ಅದರ ಸುತ್ತಲಿನ ಮನೆಗಳಿಗೂ ಇರುವ ಸಂಬಂಧವೇನು ಎಂಬುದು ಈ ಲೇಖನದ ಮುಖ್ಯ ವಿಚಾರ.

ಕಣಜದ ಹೆಸರಿನ ಊರು

ಚಾಮರಾಜನಗರಕ್ಕೆ ಹಿಂದೆ ಅರಿಕುಠಾರವೆಂದು ಹೆಸರಿದ್ದಿತೆಂಬುದು ಎಲ್ಲರಿಗೂ ತಿಳಿದ ವಿಷಯ. ಶತ್ರುಗಳಿಗೆ ಕೊಡಲಿಯಂತಹ ಊರು ಎಂದು ಜನರು ಅದಕ್ಕೆ ಅರ್ಥ ಹೇಳುವುದುಂಟು. ಆದರೆ ಶಾಸನದಲ್ಲಿ ಕಾಣುವ ಹೆಸರು ಅರಕೊಟ್ಟಾರ. ಕೊಟ್ಟಾರವೆಂದರೆ ಹಳಗನ್ನಡದಲ್ಲಿ ಕಣಜ, ಧಾನ್ಯ ತುಂಬಿಡುವ ಉಗ್ರಾಣ. ವರ್ತಕನಾದ ನನಗೆ ಕೊಡಲಿಗಿಂತ ಕಣಜದ ಅರ್ಥವೇ ಹೆಚ್ಚು ಹಿತವಾಗಿ ತೋರುವುದು ಸಹಜವೆಂದು ವಾಚಕರು ಮನ್ನಿಸಬೇಕು.

ಈ ಊರಿನ ಶ್ರೀ ಪಾರ್ಶ್ವನಾಥ ಬಸದಿಯ ಶಾಸನ ಕ್ರಿ.ಶ. 1117ರದು. ಹೊಯ್ಸಳ ವಿಷ್ಣುವರ್ಧನನ ಸಂಧಿವಿಗ್ರಹಿಯೂ ದಂಡನಾಯಕನೂ ಆಗಿದ್ದ ಪುಣಿಸರಾಜನ ಕೀರ್ತಿಯನ್ನು ಅದು ಸಾರುತ್ತದೆ. ಕೆಲವು ಕಡೆ ಪುಣಿಸನನ್ನು ‘ಹೊಯ್ಸಳ ದೊರೆ ಗಂಗರಾಜನ ದಂಡನಾಯಕ’ ಎಂದು ಬರೆದಿರುವುದುಂಟು, ಅದು ಸರಿಯಲ್ಲ. ಗಂಗರಾಜನು ದೊರೆಯಲ್ಲ, ಆತನೂ ವಿಷ್ಣುವರ್ಧನನ ಆಶ್ರಯದಲ್ಲಿದ್ದ ಜಿನಭಕ್ತ ಸೇನಾನಿಯೇ. ಬೇಲೂರಿನ ವಿಜಯನಾರಾಯಣ ದೇವಾಲಯ ಪ್ರತಿಷ್ಠೆಯಾದದ್ದೂ ಇದೇ 1117ರಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬಹುದು. ದೊರೆಯು ವಿಷ್ಣುವಿನ ಗುಡಿ ಕಟ್ಟಿಸಿದ ವರ್ಷದಲ್ಲಿಯೇ ಆತನ ದಂಡನಾಯಕನು ತ್ರಿಕೂಟ ಬಸದಿಗೆ ದತ್ತಿ ಬಿಟ್ಟನು.

ಪುಣಿಸನು ಕೊಂಗರನ್ನೂ ಮಲೆಯಾಳರನ್ನೂ ಗೆದ್ದು, ತೋದವರನ್ನು ಬೆದರಿಸಿ, ನೀಲಾದ್ರಿಯನ್ನು ವಶಮಾಡಿಕೊಂಡನೆಂದು ಶಾಸನ ಹೇಳುತ್ತದೆ. ಉದಕಮಂಡಲದ ಬೆಟ್ಟಗಳನ್ನೂ ಅಲ್ಲಿನ ತೋದವರನ್ನೂ ಕುರಿತ ಮೊಟ್ಟಮೊದಲ ಉಲ್ಲೇಖಗಳಲ್ಲಿ ಇದು ಒಂದೆಂದು ಇತಿಹಾಸಕಾರರು ಇದಕ್ಕೆ ಬೆಲೆ ಕೊಡುತ್ತಾರೆ. ಆದರೆ ನನ್ನ ಮನಸ್ಸನ್ನು ಸೆಳೆದದ್ದು ಈ ಯುದ್ಧದ ಭಾಗವಲ್ಲ, ಅದರ ಜೊತೆಗೆ ಬರುವ ಇನ್ನೊಂದು ಮಾತು. ವ್ಯಾಪಾರದಲ್ಲಿ ಕೆಟ್ಟ ವರ್ತಕ, ಬಿತ್ತುವುದಕ್ಕೆ ಬೀಜವಿಲ್ಲದ ಒಕ್ಕಲಿಗ, ಅಧಿಕಾರ ಕಳೆದುಕೊಂಡ ಕಿರಾತ, ಹೀಗೆ ಬಿದ್ದವರೆಲ್ಲರಿಗೂ ಅವರವರು ಕಳೆದುಕೊಂಡದ್ದನ್ನು ಕೊಟ್ಟು ಪುಣಿಸನು ಕಾಪಾಡಿದನೆಂಬುದು ಆ ಮಾತಿನ ತಾತ್ಪರ್ಯ. ಜೊತೆಗೆ ಗಂಗವಾಡಿ ತೊಂಬತ್ತಾರು ಸಾಸಿರದ ಬಸದಿಗಳನ್ನು ಆತನು ಅಲಂಕರಿಸಿದನೆಂದೂ ಶಾಸನ ಹೇಳುತ್ತದೆ. ಬಸದಿಯ ಕಲ್ಲಿನ ಮೇಲೆ ಕೆಟ್ಟುಹೋದ ಅಂಗಡಿಕಾರನ ದುಃಖಕ್ಕೂ ಒಂದು ಸ್ಥಾನ ದೊರೆತಿರುವುದನ್ನು ನಾವು ಗಮನಿಸಬೇಕು. ಒಂಬೈನೂರು ವರ್ಷಗಳ ಹಿಂದೆಯೇ ಇದು ವರ್ತಕರೂ ರೈತರೂ ಕಾಡಿನವರೂ ಕೂಡಿ ಬಾಳುತ್ತಿದ್ದ ಸೀಮೆಯಾಗಿತ್ತು. ಒಬ್ಬರು ಬಿದ್ದರೆ ಎತ್ತುವುದೂ ಬಸದಿಯನ್ನು ಸಿಂಗರಿಸುವುದೂ ಒಂದೇ ಧರ್ಮದ ಎರಡು ಮುಖಗಳೆಂದು ಆಗಿನವರು ತಿಳಿದಿದ್ದರು.

ಬರಿದಾದ ಊರುಗಳು

ನಮ್ಮ ಸೀಮೆಯಲ್ಲಿ ಬಾಳಿ ಬೆಳಗಿದ ಊರುಗಳೆಲ್ಲವೂ ಉಳಿಯಲಿಲ್ಲ. ಚಾಮರಾಜನಗರಕ್ಕೆ ಅಂಟಿಕೊಂಡಿರುವ ರಾಮಸಮುದ್ರದ ಬಳಿ ಒಂದು ಪುರಾತನ ಪಟ್ಟಣದ ಅವಶೇಷಗಳಿದ್ದುವೆಂದೂ ಶಾಸನಗಳಲ್ಲಿ ಅದಕ್ಕೆ ಮಣಿಪುರವೆಂಬ ಹೆಸರೆಂದೂ ಮೈಸೂರು ಗೆಜೆಟಿಯರ್ ತಿಳಿಸುತ್ತದೆ. ಮಣಿಯ ಹೆಸರನ್ನು ಹೊತ್ತ ಆ ಪುರದಲ್ಲಿ ಈಗ ಯಾರ ಮನೆಯ ದೀಪವೂ ಇಲ್ಲ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ತೆರಕಣಾಂಬಿ ಇದೆ. ಉಮ್ಮತ್ತೂರು ಅರಸರ ಕಾಲದಲ್ಲಿ ಅದು ಕೋಟೆ ಕೊತ್ತಲಗಳಿದ್ದ ದೊಡ್ಡ ಪಟ್ಟಣ. ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ‘ಸನತ್ಕುಮಾರ ಚರಿತೆ’ಯನ್ನು ಬರೆದ ಜೈನ ಕವಿ ಬೊಮ್ಮರಸನು ಈ ಊರಿನವನಾದ್ದರಿಂದಲೇ ತೆರಕಣಾಂಬಿಯ ಬೊಮ್ಮರಸನೆಂದು ಪ್ರಸಿದ್ಧನಾಗಿದ್ದಾನೆ. ಕಾವ್ಯ ಬರೆಯುವ ಕವಿಯಿದ್ದನೆಂದಮೇಲೆ ಕೇಳುವ ಶ್ರಾವಕರ ಮನೆಗಳೂ ಇದ್ದಿರಲೇಬೇಕು. ತೆರಕಣಾಂಬಿ ಈಗ ಒಂದು ಹೋಬಳಿಯ ಊರು.

ಇನ್ನು ಗುಂಡ್ಲುಪೇಟೆಯ ಕಥೆ. ಗುಂಡ್ಲು ಹೊಳೆಯ ದಡದ ಆ ಊರಿಗೆ ಹಿಂದೆ ವಿಜಯಪುರವೆಂದು ಹೆಸರು. ಮೈಸೂರಿನ ಚಿಕ್ಕದೇವರಾಜ ಒಡೆಯರು ಪಟ್ಟವೇರುವುದಕ್ಕೆ ಮುಂಚೆ ಹತ್ತಿರದ ಹಂಗಳದಲ್ಲಿ ವಾಸವಾಗಿದ್ದರು. ಅವರಿಗೆ ಆ ದಿನಗಳಲ್ಲಿ ಒಡನಾಡಿಯಾಗಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. 1673ರಲ್ಲಿ ಒಡೆಯರು ಸಿಂಹಾಸನವೇರಿದಾಗ ಆ ಪಂಡಿತನೇ ಮಂತ್ರಿಯಾದನು. ಗುಂಡ್ಲುಪೇಟೆಯಲ್ಲಿ ತೀರಿಕೊಂಡ ತಂದೆಯ ನೆನಪಿಗಾಗಿ ಒಡೆಯರು ಅಲ್ಲಿ ಅಪ್ರಮಿತ ಪರವಾಸುದೇವರ ದೇವಾಲಯವನ್ನು ಕಟ್ಟಿಸಿ, ಅಗ್ರಹಾರವನ್ನು ಮಾಡಿ, ಬ್ರಾಹ್ಮಣರಿಗೆ ಮನೆಗಳನ್ನೂ ವೃತ್ತಿಗಳನ್ನೂ ಕೊಟ್ಟರು. ದೊರೆಯೇ ಕಟ್ಟಿಸಿದ್ದರಿಂದ ಯಾವ ಕೊರತೆಯೂ ಇರಲಿಲ್ಲ. ಆದರೂ ಕಾಲಾನಂತರದಲ್ಲಿ ಅಗ್ರಹಾರ ಬರಿದಾಯಿತು. ಜನರಿಲ್ಲದ ಆ ದೇವಾಲಯದಿಂದ ಮೂರ್ತಿಗಳನ್ನು ಊರೊಳಗಿನ ವಿಜಯನಾರಾಯಣ ದೇವಾಲಯಕ್ಕೆ ತಂದಿರಿಸಬೇಕಾಯಿತು. ಕಲ್ಲಿನ ಕಟ್ಟಡ ಇದ್ದಲ್ಲಿಯೇ ನಿಂತಿತು. ದೇವರು ಮಾತ್ರ ಜನರಿದ್ದ ಕಡೆಗೆ ಬಂದನು.

ಈ ಕೊನೆಯ ಸಂಗತಿಯನ್ನು ನಾನು ಬೇಕೆಂದೇ ವಿವರವಾಗಿ ಬರೆದಿದ್ದೇನೆ. ಕಟ್ಟಿಸಿದವನು ಎಂತಹ ದೊಡ್ಡವನಾದರೂ, ಕಲ್ಲು ಎಷ್ಟು ಗಟ್ಟಿಯಾದರೂ, ಸುತ್ತಲ ಮನೆಗಳಲ್ಲಿ ಒಲೆ ಉರಿಯದಿದ್ದರೆ ಗರ್ಭಗುಡಿಯ ದೀಪ ಉಳಿಯಲಾರದು. ಅರಕೊಟ್ಟಾರದ ಭಾಗ್ಯವೆಂದರೆ ಅದು ಹೆಸರು ಬದಲಾದರೂ ಬರಿದಾಗಲಿಲ್ಲ.

ಅರಿಕುಠಾರದಿಂದ ಚಾಮರಾಜನಗರ

ಈ ಊರಿಗೆ ಎರಡನೆಯ ಜನ್ಮ ಬಂದದ್ದು ಒಬ್ಬ ಬಾಲಕನಿಂದ. ಅರಿಕುಠಾರದ ದೇವರಾಜ ಅರಸರಿಗೆ 1774ರಲ್ಲಿ ಒಬ್ಬ ಮಗನು ಹುಟ್ಟಿದನು. 1776ರಲ್ಲಿ ಮೈಸೂರಿನ ದೊರೆಯು ಸಂತಾನವಿಲ್ಲದೆ ತೀರಿಕೊಂಡಾಗ ಹೈದರಾಲಿಯು ರಾಜಬಂಧುಗಳ ಮನೆಯ ಮಕ್ಕಳನ್ನೆಲ್ಲ ಕರೆಯಿಸಿ, ಅವರ ಮುಂದೆ ಹಣ್ಣು, ತಿಂಡಿ, ಆಟದ ಸಾಮಾನುಗಳನ್ನು ಹರಡಿಸಿದನಂತೆ. ಒಂದು ಮಗು ಬಲಗೈಯಲ್ಲಿ ಹೊಳೆಯುವ ಚಿಕ್ಕ ಕಠಾರಿಯನ್ನೂ ಎಡಗೈಯಲ್ಲಿ ನಿಂಬೆಯ ಹಣ್ಣನ್ನೂ ಹಿಡಿದುಕೊಂಡಿತು. ಅದನ್ನೇ ಹೈದರನು ದೊರೆಯಾಗಿ ಆರಿಸಿದನೆಂದು ವಿಲ್ಕ್ಸ್ ಎಂಬ ಆಂಗ್ಲ ಇತಿಹಾಸಕಾರನು ಬರೆದಿದ್ದಾನೆ. ಆ ಮಗುವೇ ಖಾಸಾ ಚಾಮರಾಜ ಒಡೆಯರು. ಹೆಸರಿಗೆ ಮಾತ್ರ ದೊರೆಯಾಗಿದ್ದು 1796ರಲ್ಲಿ ಅವರು ತೀರಿಕೊಂಡರು.

ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಪಟ್ಟಕ್ಕೆ ಬಂದರು. ತಂದೆಯು ಹುಟ್ಟಿದ ಊರೆಂಬ ಅಭಿಮಾನದಿಂದ 1818ರಲ್ಲಿ ಅರಿಕುಠಾರಕ್ಕೆ ಚಾಮರಾಜನಗರವೆಂದು ನಾಮಕರಣ ಮಾಡಿದರು. 1826ರಲ್ಲಿ ಶ್ರೀ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿ, ತಾಯಿಯ ಹೆಸರಿನಲ್ಲಿ ಕೆಂಪನಂಜಾಂಬ ದೇವಿಯನ್ನೂ ಪ್ರತಿಷ್ಠೆ ಮಾಡಿಸಿದರು. ತಂದೆಯ ಜನ್ಮಸ್ಥಳದ ನೆನಪಾಗಿ ಜನನ ಮಂಟಪವೂ ಇದೆ. ಬೆಂಗಳೂರಿನ ಚಾಮರಾಜಪೇಟೆಯನ್ನೂ ನಮ್ಮ ಊರನ್ನೂ ಒಬ್ಬ ದೊರೆಯ ಹೆಸರಿನವೆಂದು ತಿಳಿಯುವವರಿದ್ದಾರೆ. ಅದು 1892ರಲ್ಲಿ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಆದ ಬಡಾವಣೆ. ಅವರು ಮುಮ್ಮಡಿಯವರ ದತ್ತುಪುತ್ರರು.

ದೇವಾಲಯವನ್ನು ಬಳಸಿದ ರಥದ ಬೀದಿ, ಅದಕ್ಕೆ ಕೂಡಿಕೊಂಡಂತೆ ಅಂಗಡಿ ಬೀದಿಗಳು, ಅಗ್ರಹಾರ, ಉಪ್ಪಾರರ ಬೀದಿ, ಮೊಹಲ್ಲಾ, ಬಸದಿಯ ನೆರೆಯ ಜೈನರ ಮನೆಗಳು, ಇವೆಲ್ಲ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ನೆಲಸಿದ್ದುವು. ಆಷಾಢ ಮಾಸದಲ್ಲಿ ಎಲ್ಲೆಡೆಯೂ ಶುಭಕಾರ್ಯಗಳು ನಿಂತಿರುವಾಗ ಚಾಮರಾಜೇಶ್ವರನ ರಥೋತ್ಸವ ನಡೆಯುತ್ತದೆ. ಆಷಾಢದಲ್ಲಿ ಅಗಲಿರಬೇಕಾದ ನವದಂಪತಿಗಳು ರಥಕ್ಕೆ ಹಣ್ಣು ಜವನ ಎಸೆಯುವ ನೆಪದಲ್ಲಿ ಒಬ್ಬರನ್ನೊಬ್ಬರು ಕಾಣುವರು. ಆ ದಿನದ ವ್ಯಾಪಾರದ ಮೇಲೆ ವರ್ಷದ ಕಂತು ತೀರಿಸಿದ ಅಂಗಡಿಗಳನ್ನು ನಾನು ಬಲ್ಲೆ.

ಅಂಗಡಿ ಬೀದಿಯ ಬಾಳು

ಈ ಪೇಟೆಗೆ ಕೀಲಾಗಿದ್ದುದು ಅದರ ದಾರಿಗಳು. ದಕ್ಷಿಣಕ್ಕೆ ಹೋದರೆ ಪುಣಜೂರು, ಹಾಸನೂರು, ದಿಂಬಂ ಘಾಟಿಯಿಂದ ಸತ್ಯಮಂಗಲ ಮತ್ತು ಕೊಯಮತ್ತೂರು. ಪಶ್ಚಿಮಕ್ಕೆ ಗುಂಡ್ಲುಪೇಟೆಯಿಂದ ಒಂದು ಕವಲು ಉದಕಮಂಡಲಕ್ಕೆ, ಇನ್ನೊಂದು ವಯನಾಡಿಗೆ. ಉತ್ತರಕ್ಕೆ ನಂಜನಗೂಡು, ಮೈಸೂರು. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿಯೇ ಬಂದಿದ್ದ ರೈಲು 1926ರಲ್ಲಿ ಚಾಮರಾಜನಗರಕ್ಕೆ ಬಂದಿತು. ಸತ್ಯಮಂಗಲದ ಕಡೆಗೆ ಅದನ್ನು ಮುಂದುವರಿಸುವ ಯೋಜನೆ ಇಂದಿಗೂ ಕೈಗೂಡಿಲ್ಲ. ರೈಲು ಇಲ್ಲಿಗೇ ನಿಂತುದರಿಂದ ಮಾಲು ಇಳಿಯುವುದೂ ಏರುವುದೂ ಇಲ್ಲಿಯೇ ಆಗಬೇಕಾಯಿತು. ರಾಗಿ, ಜೋಳ, ಹುರುಳಿ, ಅರಿಶಿನ, ರೇಷ್ಮೆ, ಬಿಳಿಗಿರಿರಂಗನ ಬೆಟ್ಟದಿಂದ ಸೋಲಿಗರು ತರುತ್ತಿದ್ದ ಸೀಗೆ, ಅಂಟುವಾಳ, ಜೇನು, ಹೀಗೆ ಬಯಲಿನದೂ ಬೆಟ್ಟದ್ದೂ ಒಂದೇ ಬೀದಿಯಲ್ಲಿ ತಕ್ಕಡಿ ಏರುತ್ತಿದ್ದುವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ನಮ್ಮ ಕಡೆಗೆ ಬಂದಿತು, ಕನ್ನಡದ ತಾಳವಾಡಿ ಮದರಾಸಿನ ಕಡೆಗೇ ಉಳಿಯಿತು. ಆದರೆ ತಾಳವಾಡಿಯ ಗಿರಾಕಿ ಮಗಳ ಮದುವೆಯ ಜವಳಿಗೆ ನಮ್ಮ ಅಂಗಡಿ ಬೀದಿಗೆ ಬರುವುದನ್ನು ಬಿಡಲಿಲ್ಲ.

ನಾನು ಹುಟ್ಟಿ ಬೆಳೆದ ಮನೆಯನ್ನೇ ವರ್ಣಿಸಿದರೆ ಆ ಕಾಲದ ಮನೆಗಳೆಲ್ಲದರ ವರ್ಣನೆಯೂ ಆದೀತು. ಬೀದಿಗೆ ಜಗಲಿ, ಜಗಲಿಯ ಮೇಲೆ ಅಂಗಡಿ, ಹಲಗೆಗಳನ್ನು ಒಂದೊಂದಾಗಿ ಕಳಚಿ ತೆಗೆಯುವ ಬಾಗಿಲು. ಅಂಗಡಿಯ ಹಿಂದೆ ತೊಟ್ಟಿಯ ಮನೆ, ತೊಟ್ಟಿಯ ಒಂದು ಮೂಲೆಯಲ್ಲಿ ದೇವರ ಕೋಣೆ, ಮೇಲೆ ಧಾನ್ಯದ ಅಟ್ಟ, ಹಿತ್ತಲಲ್ಲಿ ಬಾವಿ. ಎಡಗಡೆಯ ನೆರೆಯವರು ಲಿಂಗಾಯತರು, ಬಲಗಡೆಯವರು ಮುಸಲ್ಮಾನರು, ಎದುರಿಗೆ ಶೆಟ್ಟರು. ನಮ್ಮ ಮನೆಯ ಮಕ್ಕಳು ಯಾರ ಜಗಲಿಯ ಮೇಲೆ ಆಡುತ್ತಿದ್ದರೂ ಸಂಜೆಯಾಗುತ್ತಲೇ ಆ ಮನೆಯವರೇ, ‘ಊಟದ ಹೊತ್ತಾಯ್ತು, ಮನೆಗೆ ಹೋಗಿ’ ಎಂದು ಅಟ್ಟುತ್ತಿದ್ದರು. ನಾವು ಹೊತ್ತು ಮುಳುಗುವುದಕ್ಕೆ ಮುಂಚೆ ಊಟ ಮಾಡುವವರೆಂಬುದು ಬೀದಿಗೆಲ್ಲ ಗೊತ್ತಿತ್ತು. ಒಬ್ಬರ ವ್ರತವನ್ನು ಇಡೀ ಬೀದಿ ಕಾಯುತ್ತಿದ್ದ ಕಾಲವದು.

ವ್ರತಕ್ಕೆ ಒದಗಿದ ಬೀದಿ

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರ ಗಮನಕ್ಕೆ ತರಬಯಸುತ್ತೇನೆ. ಹಳೆಯ ಪೇಟೆಯ ಬಾಳು ಹಿತವೆಂದು ನಾವು ಹೇಳುವಾಗ ಗಾಳಿ ಬೆಳಕು ಅಥವಾ ನೆರೆಹೊರೆಯ ಮಾತಷ್ಟೇ ಬರುತ್ತದೆ. ಆದರೆ ಶ್ರಾವಕನ ನಿತ್ಯಕರ್ಮಗಳಿಗೆ ಆ ಬೀದಿಯ ರಚನೆಯೇ ಒದಗಿಬರುತ್ತಿದ್ದಿತು.

ರಾತ್ರಿಭೋಜನ ತ್ಯಾಗವನ್ನೇ ನೋಡಿ. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ವ್ಯಾಪಾರ ಬಿಸಿಯೇರುವ ಹೊತ್ತೂ ಅದೇ. ನನ್ನ ತಂದೆಯವರು ಐದೂವರೆಗೆ ಒಳಬಾಗಿಲಿನಲ್ಲಿ ಬಳೆಯ ಸದ್ದು ಕೇಳುತ್ತಲೇ ಗುಮಾಸ್ತನಿಗೆ ಗಲ್ಲಾ ಒಪ್ಪಿಸಿ, ಹತ್ತು ಹೆಜ್ಜೆ ನಡೆದು ಊಟ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ ಪುನಃ ಗಾದಿಯ ಮೇಲಿರುತ್ತಿದ್ದರು. ಅಂಗಡಿಯೂ ಮನೆಯೂ ಒಂದೇ ಸೂರಿನಡಿಯಲ್ಲಿದ್ದುದರಿಂದ ವ್ರತವೂ ಉಳಿಯಿತು, ವ್ಯಾಪಾರವೂ ಉಳಿಯಿತು. ಈಗ ಮೈಸೂರಿನ ಕಾರ್ಖಾನೆಯಿಂದಲೋ ಕಛೇರಿಯಿಂದಲೋ ರಾತ್ರಿ ಎಂಟಕ್ಕೆ ಮನೆ ಸೇರುವ ಮಗನಿಗೆ ನಾವು ವ್ರತದ ಮಹಿಮೆಯನ್ನು ಎಷ್ಟು ಬೋಧಿಸಿದರೂ ದೂರ ಕಡಿಮೆಯಾಗುವುದಿಲ್ಲ. ಅವನಿಗೆ ಶ್ರದ್ಧೆಯಿಲ್ಲವೆಂದು ಬೈಯುವುದಕ್ಕೆ ಮುಂಚೆ ಈ ದೂರವನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು ಮುನಿಗಳ ಆಹಾರಚರ್ಯೆ. ಪೂಜ್ಯ ಮುನಿಗಳು ವಾಹನವೇರುವವರಲ್ಲ. ಬಸದಿಯಿಂದ ಕಾಲ್ನಡಿಗೆಯಲ್ಲಿ ಹೊರಟು, ಯಾವ ಬಾಗಿಲಿನಲ್ಲಿ ವಿಧಿಪೂರ್ವಕವಾದ ಪ್ರತಿಗ್ರಹಣ ದೊರೆಯುವುದೋ ಅಲ್ಲಿ ದಿನಕ್ಕೊಮ್ಮೆ ನಿಂತು ಆಹಾರ ಸ್ವೀಕರಿಸುವರು. ಸೋಸಿದ ಶುದ್ಧ ನೀರು, ಮಡಿಯ ಅಡಿಗೆ, ಕಲಶ ಹಿಡಿದು ಬಾಗಿಲಲ್ಲಿ ನಿಂತ ದಂಪತಿಗಳು, ಇಂತಹ ಮನೆಗಳು ಬಸದಿಯ ಸುತ್ತ ಸಾಲಾಗಿ ಇದ್ದರೆ ಮಾತ್ರ ಆ ಚರ್ಯೆ ಸಹಜವಾಗಿ ನಡೆದೀತು. ನಾನು ಬಾಲಕನಾಗಿದ್ದಾಗ ಒಮ್ಮೆ ಮುನಿಗಳು ನಮ್ಮ ಬಾಗಿಲ ಮುಂದೆ ನಿಂತರು. ತಾಯಿಯವರ ಕೈಯಲ್ಲಿದ್ದ ಕಲಶ ನಡುಗಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಡಾವಣೆಗಳಲ್ಲಿ ಮೈಲಿಗೊಂದರಂತೆ ಹಂಚಿಹೋದ ಶ್ರಾವಕರ ಮನೆಗಳನ್ನು ಮುನಿಗಳು ಹೇಗೆ ತಲಪಬೇಕು?

ಮೂರನೆಯದು ವೃದ್ಧರ ಮತ್ತು ಹೆಣ್ಣುಮಕ್ಕಳ ದರ್ಶನ. ಬಸದಿ ಹತ್ತಿರವಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಬೆಳಗಿನ ಜಾವವೇ ಎದ್ದು, ಅಭಿಷೇಕ ನೋಡಿ, ಗಂಧೋದಕ ಹಚ್ಚಿಕೊಂಡು ಬಂದು ಮನೆಗೆಲಸಕ್ಕೆ ತೊಡಗುವ ಗೃಹಿಣಿಗೆ ಕಾಲ್ನಡಿಗೆಯ ದೂರವೇ ದೊಡ್ಡ ಸ್ವಾತಂತ್ರ್ಯ.

ಪೇಟೆ ಬಿಟ್ಟು ಬಡಾವಣೆಗೆ

ಪೇಟೆಯನ್ನು ಬಿಟ್ಟು ಹೊರಗೆ ಮನೆ ಕಟ್ಟುವುದು ನಮ್ಮ ಊರಿನಲ್ಲಿ ಮಾತ್ರ ನಡೆದದ್ದಲ್ಲ, ನಿನ್ನೆ ಮೊನ್ನೆಯದೂ ಅಲ್ಲ. ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂದು ಇಕ್ಕಟ್ಟಾದ ಹಳೆಯ ಪೇಟೆಗಳಲ್ಲಿ ಜನ ಸಾಯತೊಡಗಿದಾಗ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯನ್ನು ಸ್ಥಾಪಿಸಿ ಅಗಲವಾದ ರಸ್ತೆಗಳ ಹೊಸ ಮೊಹಲ್ಲಾಗಳನ್ನು ಮಾಡಿದರು. ಅದು ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ ಆದ ವಲಸೆ. ಅದನ್ನು ಯಾರೂ ದೂರುವಂತಿಲ್ಲ.

ಚಾಮರಾಜನಗರದ ವಲಸೆ ನಿಧಾನವಾಗಿ ನಡೆಯಿತು. 1997ರಲ್ಲಿ ಊರು ಜಿಲ್ಲಾ ಕೇಂದ್ರವಾದ ಮೇಲೆ ಕಛೇರಿಗಳು ಬಂದುವು, ನೌಕರರು ಬಂದರು, ಹೊಲಗಳು ನಿವೇಶನಗಳಾದುವು. 2008ರ ಸುಮಾರಿಗೆ ರೈಲುಮಾರ್ಗವೂ ಬ್ರಾಡ್‌ಗೇಜ್ ಆಗಿ ಮೈಸೂರು ಹತ್ತಿರವಾಯಿತು. ಅಣ್ಣತಮ್ಮಂದಿರಲ್ಲಿ ಭಾಗವಾದಾಗ ತೊಟ್ಟಿಯ ಮನೆಯನ್ನು ನಾಲ್ಕಾಗಿ ಸೀಳುವುದು ಕಷ್ಟ. ಮಾರಿ ಹಣ ಹಂಚಿಕೊಳ್ಳುವುದು ಸುಲಭ. ಹೀಗೆ ಜಗಲಿಯ ಮನೆಗಳು ಕೆಲವು ಗೋದಾಮುಗಳಾದುವು, ಕೆಲವು ಷಟರ್ ಬಾಗಿಲಿನ ಮಳಿಗೆಗಳಾದುವು. ಹಗಲೆಲ್ಲ ಗಿಜಿಗುಟ್ಟುವ ಬೀದಿಯಲ್ಲಿ ರಾತ್ರಿ ಒಂಬತ್ತರ ಮೇಲೆ ದೀಪ ಕಾಣುವ ಕಿಟಕಿಗಳು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿವೆ.

ಪರರನ್ನು ಹೇಳಿ ನನ್ನನ್ನು ಬಿಟ್ಟರೆ ಅದು ಮಾಯಾಚಾರವಾದೀತು. 2004ರಲ್ಲಿ ನಾನೂ ಊರ ಹೊರಗಿನ ಒಂದು ಬಡಾವಣೆಯಲ್ಲಿ ಮನೆ ಕಟ್ಟಿದೆ. ಕಾರು ನಿಲ್ಲಿಸಲು ಜಾಗ, ಮಾರ್ಬಲ್ ನೆಲ, ಮಹಡಿಯ ಮೇಲೆ ಮಕ್ಕಳಿಗೆ ಪ್ರತ್ಯೇಕ ಕೋಣೆಗಳು, ಯಾವುದಕ್ಕೂ ಕಡಿಮೆಯಿರಲಿಲ್ಲ. ತಾಯಿಯವರು ಗೃಹಪ್ರವೇಶದಲ್ಲಿ ಸಂತೋಷವಾಗಿಯೇ ಇದ್ದರು. ಆಮೇಲೆ ದಿನವೂ ಬೆಳಿಗ್ಗೆ ಸ್ನಾನ ಮಾಡಿ, ಬಿಳಿಯ ಸೀರೆಯುಟ್ಟು, ಅಕ್ಕಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದು, ವರಾಂಡದ ಕುರ್ಚಿಯ ಮೇಲೆ ಕುಳಿತು ಕಾಯುವುದು ಅವರ ಪಾಡಾಯಿತು. ನಾನು ಸ್ಕೂಟರ್ ತೆಗೆದರೆ ಅವರಿಗೆ ಬಸದಿ. ನನಗೆ ಕೆಲಸವಿದ್ದರೆ ಅವರಿಗೆ ಇಲ್ಲ. ಹಳೆಯ ಮನೆಯಲ್ಲಿ ನಲವತ್ತು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ ಬಸದಿಗೆ ನಡೆದವರು ಅವರು. ಒಂದು ದಿನ ನಾನು, ‘ಅವ್ವ, ಮನೆ ಹಿಡಿಸಲಿಲ್ಲವೇ?’ ಎಂದು ಕೇಳಿದೆ. ‘ಮನೆ ಚೆನ್ನಾಗದೆ ಕನಪ್ಪ, ಗಂಟೆ ಮಾತ್ರ ಕೇಳಲ್ಲ’ ಎಂದರು. ಅಷ್ಟೇ. ಆಮೇಲೆ ಆ ವಿಷಯವನ್ನು ಅವರು ಎತ್ತಲಿಲ್ಲ.

ನಾನು ಪುನಃ ಪೇಟೆಯ ಮನೆಯನ್ನು ದುರಸ್ತಿ ಮಾಡಿಸಿ ವಾಸಕ್ಕೆ ಬರುವುದು 2011ರವರೆಗೂ ಆಗಲಿಲ್ಲ. ಆ ಹೊತ್ತಿಗೆ ತಾಯಿಯವರು ಹೋಗಿ ಎರಡು ವರ್ಷವಾಗಿತ್ತು. ಈಗ ಮುಂಜಾನೆ ಗಂಟೆ ಕೇಳಿದಾಗಲೆಲ್ಲ ಅದು ಕೇಳಬೇಕಾದವರ ಕಿವಿಗೆ ಬೀಳಲಿಲ್ಲವಲ್ಲ ಎಂಬ ನೋವು ಆಗುತ್ತದೆ.

ಕೊರತೆಗಳನ್ನೂ ಹೇಳಬೇಕು

ಹಳೆಯ ಪೇಟೆಯನ್ನು ಹೊಗಳುವ ಭರದಲ್ಲಿ ಅದರ ಕೊರತೆಗಳನ್ನು ಮುಚ್ಚಿಡುವುದು ಸಲ್ಲದು. ಬೀದಿ ಇಕ್ಕ
ಟ್ಟು; ಲಾರಿ ಬಂದು ನಿಂತರೆ ಮಗುವಿನ ಶಾಲೆಯ ಆಟೋ ಹೊರಡುವುದಿಲ್ಲ. ಚರಂಡಿ ಕಟ್ಟುವುದುಂಟು. ಹಿತ್ತಲ ಬಾವಿ ಬತ್ತಿದೆ. ನಾಡಹೆಂಚಿನ ಮಾಡು ಪ್ರತಿ ಮಳೆಗಾಲದ ಮುಂಚೆಯೂ ಕೈಯಾಡಿಸಬೇಕೆನ್ನುತ್ತದೆ. ಸೊಸೆಯಾಗಿ ಬಂದ ಹುಡುಗಿಗೆ ತೊಟ್ಟಿಯ ಮನೆಯಲ್ಲಿ ಏಕಾಂತವಿಲ್ಲವೆಂಬ ದೂರೂ ನ್ಯಾಯವಾದುದೇ. ನಮ್ಮ ಮನೆಯ ದುರಸ್ತಿಯಲ್ಲಿ ಮೊದಲು ಮಾಡಿಸಿದ್ದು ದಂಪತಿಗಳಿಗೆ ಬಾಗಿಲುಳ್ಳ ಕೋಣೆ ಮತ್ತು ಮನೆಯೊಳಗೇ ಶೌಚಗೃಹ. ಹಳೆಯದನ್ನು ಉಳಿಸುವುದೆಂದರೆ ಹಳೆಯ ತೊಂದರೆಗಳನ್ನೂ ಉಳಿಸಬೇಕೆಂದು ಅರ್ಥವಲ್ಲ.

ಆದರೆ ಒಮ್ಮೆ ನಿಂತುಹೋದದ್ದನ್ನು ಪುನಃ ನಡೆಸುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಊರು ಈಚೆಗೆ ಕಣ್ಣಾರೆ ಕಂಡಿದೆ. 2017ರ ಫೆಬ್ರವರಿಯಲ್ಲಿ ದುಷ್ಕರ್ಮಿಯೊಬ್ಬನು ಹಚ್ಚಿದ ಬೆಂಕಿಗೆ ಚಾಮರಾಜೇಶ್ವರನ ರಥ ಸಿಕ್ಕಿತು. ಆಮೇಲೆ ಹೊಸ ರಥ ಬಂದು ರಥೋತ್ಸವ ನಡೆದದ್ದು 2022ರ ಆಷಾಢದಲ್ಲಿ. ನಡುವಿನ ವರ್ಷಗಳಲ್ಲಿ ರಥದ ಬೀದಿಯೆಂಬ ಹೆಸರಷ್ಟೇ ಇದ್ದಿತು, ರಥವಿರಲಿಲ್ಲ. ರಥವನ್ನಾದರೂ ಪುನಃ ಮಾಡಿಸಬಹುದು, ಮರವಿದೆ, ಬಡಗಿಗಳಿದ್ದಾರೆ. ಚದುರಿಹೋದ ನೆರೆಹೊರೆಯನ್ನು ಮಾಡಿಕೊಡುವ ಬಡಗಿ ಎಲ್ಲಿಯೂ ಇಲ್ಲ.

ಒಂದು ವಿಜ್ಞಾಪನೆ

ಪ್ರತಿಷ್ಠಾ ಮಹೋತ್ಸವದ ಈ ದಿನಗಳಲ್ಲಿ ಊರೂರಿನಿಂದ ಬಂಧುಗಳು ಬಂದು ಸೇರುವರು. ಪಂಚಕಲ್ಯಾಣದ ವೈಭವವನ್ನು ಕಂಡು ಕಣ್ಣು ತುಂಬಿಕೊಳ್ಳುವರು. ಆರನೆಯ ದಿನ ಚಪ್ಪರ ಬಿಚ್ಚಿದ ಮೇಲೆ, ಏಳನೆಯ ದಿನದ ಬೆಳಗಿನ ಅಭಿಷೇಕಕ್ಕೆ ಯಾರಿರುವರು ಎಂಬ ಪ್ರಶ್ನೆಯನ್ನು ನಾವು ಈಗಲೇ ಕೇಳಿಕೊಳ್ಳಬೇಕು. ಕಲ್ಲಿಗೆ ಮಂತ್ರದಿಂದ ಪ್ರತಿಷ್ಠೆಯಾಗುತ್ತದೆ; ಬಸದಿಗೆ ನಿತ್ಯ ಬರುವ ಹೆಜ್ಜೆಗಳಿಂದ ಪ್ರತಿಷ್ಠೆಯಾಗುತ್ತದೆ.

ಆದುದರಿಂದ ನನ್ನದೊಂದು ವಿಜ್ಞಾಪನೆ. ಬಸದಿಯ ನೆರೆಯಲ್ಲಿ ಹಳೆಯ ಮನೆಯುಳ್ಳವರು ಅದನ್ನು ಗೋದಾಮಿಗೆ ಕೊಡುವುದಕ್ಕೆ ಮುಂಚೆ ಒಮ್ಮೆ ಆಲೋಚಿಸಲಿ. ತಾವು ವಾಸಮಾಡಲಾಗದಿದ್ದರೆ, ನೌಕರಿಗಾಗಿ ಊರಿಗೆ ಬರುವ ತರುಣ ಶ್ರಾವಕ ದಂಪತಿಗಳಿಗೋ ಕಾಲೇಜಿಗೆ ಬರುವ ಹಳ್ಳಿಯ ಮಕ್ಕಳಿಗೋ ಹಿತವಾದ ಬಾಡಿಗೆಗೆ ಕೊಡಲಿ. ಕೆಳಗೆ ಮಳಿಗೆ ಮಾಡಿಸುವವರು ಮೇಲೆ ವಾಸಕ್ಕೊಂದು ಮನೆಯನ್ನೂ ಕಟ್ಟಿಸಲಿ. ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವಾಗ ಹಿರಿಯರ ಮನೆಯನ್ನು ಒಬ್ಬನಿಗೆ ಬಿಟ್ಟು ಉಳಿದವರು ಕಂತಿನಲ್ಲಿ ಹಣ ಪಡೆಯುವ ಉದಾರತೆ ತೋರಲಿ. ಬಸದಿಯ ಜೀರ್ಣೋದ್ಧಾರಕ್ಕೆ ಕಾಣಿಕೆ ಕೊಡುವ ಕೈಗಳು ಅದರ ನೆರೆಯ ಜೀರ್ಣವಾದ ಮನೆಯೊಂದರ ಹೆಂಚಿಗೂ ನೆರವಾದರೆ ಅದೂ ಜೀರ್ಣೋದ್ಧಾರವೇ.

ಇನ್ನೊಂದು ಮಾತು. ದೊಡ್ಡ ಮಳಿಗೆಗಳೂ ಮನೆಬಾಗಿಲಿಗೆ ಸಾಮಾನು ತಲಪಿಸುವ ಕಂಪನಿಗಳೂ ಬಂದ ಮೇಲೆ ನಮ್ಮ ಸಣ್ಣ ಅಂಗಡಿಗಳ ವ್ಯಾಪಾರ ಕುಗ್ಗಿದೆ. ಅಂಗಡಿ ಮುಚ್ಚಿದವನು ಪೇಟೆಯ ಮನೆಯನ್ನೂ ಮುಚ್ಚುತ್ತಾನೆ. ಕೆಟ್ಟ ವರ್ತಕನಿಗೆ ಪುಣಿಸ ದಂಡನಾಯಕನು ಬಂಡವಾಳ ಕೊಟ್ಟನೆಂಬುದನ್ನು ನಮ್ಮ ಬಸದಿಯ ಕಲ್ಲೇ ಹೇಳುತ್ತಿರುವಾಗ, ಸಮಾಜದ ಉಳ್ಳವರು ಕೂಡಿ ಅಂತಹವರಿಗೆ ಕೈಗಡವಾಗಿ ಸಣ್ಣ ನೆರವು ನೀಡುವ ಏರ್ಪಾಡನ್ನು ಏಕೆ ಮಾಡಬಾರದು? ಬೀಜವಿಲ್ಲದವನಿಗೆ ಬೀಜ ಕೊಟ್ಟ ಸೀಮೆ ಇದು. ಕೊಟ್ಟಾರವೆಂಬ ಹೆಸರು ಸಾರ್ಥಕವಾಗುವುದು ಕಾಳನ್ನು ತುಂಬಿಟ್ಟುಕೊಂಡದ್ದರಿಂದ ಅಲ್ಲ, ಬೇಕಾದ ಹೊತ್ತಿಗೆ ಅಳೆದು ಕೊಟ್ಟದ್ದರಿಂದ.

ಈಚೆಗೆ ನನ್ನ ಮಗನು ಪೇಟೆಯ ಮನೆಯನ್ನು ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟಿಸಿದರೆ ಬರುವ ಬಾಡಿಗೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದನು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಅವನು ನನಗಿಂತ ಹೆಚ್ಚು ಓದಿದವನು. ನಾನು ಅವನೊಡನೆ ವಾದ ಮಾಡಲಿಲ್ಲ. ಮಾರನೆಯ ದಿನ ಚತುರ್ದಶಿ. ಬೆಳಗಿನ ಜಾವ ಅವನನ್ನು ಎಬ್ಬಿಸಿ ಜಗಲಿಯ ಮೇಲೆ ಕೂರಿಸಿಕೊಂಡೆ. ಸ್ವಲ್ಪ ಹೊತ್ತಿಗೆ ಗಂಟೆ ಕೇಳಿಸಿತು. ಅವನ ಅಜ್ಜಿಯ ಮಾತನ್ನು ಆಗ ಹೇಳಿದೆ. ಅವನು ಏನನ್ನೂ ಹೇಳದೆ ಚಪ್ಪಲಿ ಬಿಟ್ಟು ನನ್ನ ಜೊತೆಗೆ ಬಸದಿಗೆ ನಡೆದು ಬಂದನು. ಆ ಕಾಗದ ಇನ್ನೂ ಗಲ್ಲಾದಲ್ಲಿದೆ. ಅವನು ಮುಂದೆ ಏನು ನಿರ್ಧರಿಸುವನೋ ನಾನು ಹೇಳಲಾರೆ. ಮನೆ ಅವನ ಕೈಗೆ ಹೋಗುವ ದಿನ ದೂರವಿಲ್ಲ.

ಈ ಸಂಚಿಕೆಯನ್ನು ಓದುವ ಪ್ರತಿಯೊಬ್ಬರ ಮನೆಯಲ್ಲಿಯೂ ಇಂತಹದೊಂದು ಕಾಗದವಿರಬಹುದು. ಅದನ್ನು ಲೆಕ್ಕ ಹಾಕುವಾಗ ಬಸದಿಯ ಗಂಟೆ ಕೇಳುವ ದೂರವನ್ನೂ ಒಂದು ಬಾಬ್ತಾಗಿ ಬರೆದುಕೊಳ್ಳಬೇಕೆಂದು ಪ್ರಾರ್ಥಿಸಿ, ನನ್ನ ಅಲ್ಪಮತಿಯಿಂದ ಬಂದ ತಪ್ಪುಗಳನ್ನು ವಿದ್ವಜ್ಜನರು ಮನ್ನಿಸಬೇಕೆಂದು ಬೇಡಿ ವಿರಮಿಸುತ್ತೇನೆ. ಸಮಸ್ತ ಜೀವರಾಶಿಗೂ ಮಂಗಳವಾಗಲಿ.